ಫ್ಲಶಿಂಗ್‌ನ ಚೀನೀ ಅಂಗಡಿಗಳಿಗೆ ದುಡ್ಡು ಎಲ್ಲಿಂದ ಬಂತು?

ಪ್ರಶ್ನೆ: ಮಗಳು, ಅಳಿಯ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದಾರೆ. ಈ ಸಲ ಹೋದಾಗ ಫ್ಲಶಿಂಗ್‌ನ ಗಣಪತಿ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ನೋಡಿದೆ, ಮೇನ್ ಸ್ಟ್ರೀಟ್ ಉದ್ದಕ್ಕೂ ಚೀನೀ ಬೋರ್ಡುಗಳೇ. ಬ್ಯಾಂಕು, ಔಷಧಿ ಅಂಗಡಿ, ಮೀನಿನ ಅಂಗಡಿ, ಹೋಟೆಲು, ಟ್ಯೂಷನ್ನು, ಎಲ್ಲ ಅವರದ್ದೇ. ಇಂಗ್ಲಿಷೇ ಸರಿಯಾಗಿ ಬಾರದವರು ಪರದೇಶದಲ್ಲಿ ಇಷ್ಟೆಲ್ಲ ಹೇಗೆ ಕಟ್ಟಿದರು? ಬಂಡವಾಳ ಚೀನಾ ಸರ್ಕಾರದ್ದಾ? ಅವರಲ್ಲಿರುವ ಒಗ್ಗಟ್ಟು ನಮ್ಮವರಲ್ಲಿ ಯಾಕಿಲ್ಲ? ಅಳಿಯನೂ ಅಲ್ಲೊಂದು ದೋಸೆ ಸ್ಟಾಲ್ ಇಡಬೇಕು ಅಂತಿದ್ದಾನೆ, ಅವನದು ಎಚ್-1ಬಿ ವೀಸಾ. ಇಡಬಹುದಾ?
– ಮೈಸೂರಿನ ಓದುಗರೊಬ್ಬರು

ಉತ್ತರ: ಸುಲಭದ್ದನ್ನು ಮೊದಲು ಮುಗಿಸುತ್ತೇನೆ. ಚೀನಾ ಸರ್ಕಾರ ಈ ಅಂಗಡಿಗಳಿಗೆ ದುಡ್ಡು ಕೊಟ್ಟಿಲ್ಲ. ಅಮೆರಿಕ ಬೀಜಿಂಗ್ ಸರ್ಕಾರವನ್ನು ಒಪ್ಪಿಕೊಂಡಿದ್ದೇ 1979ರ ಜನವರಿ 1ರಂದು. ಅದಕ್ಕೆ ನೂರು ವರ್ಷ ಮೊದಲೇ ಮ್ಯಾನ್‌ಹಟನ್‌ನ ಮಾಟ್ ಸ್ಟ್ರೀಟ್‌ನಲ್ಲಿ ಚೀನೀ ಅಂಗಡಿಗಳಿದ್ದವು. ಅಲ್ಲಿನ ಹಳೇ ವರ್ತಕರ ಸಂಘ ಬಹುಕಾಲ ಬೀಜಿಂಗ್ ಕಡೆಗಿರಲಿಲ್ಲ, ತೈವಾನ್ ಕಡೆಗಿತ್ತು. ಈಗ ಚೀನಾದ ಸರ್ಕಾರಿ ಬ್ಯಾಂಕುಗಳ ಶಾಖೆಗಳು ನ್ಯೂಯಾರ್ಕಿನಲ್ಲಿವೆ, ನಿಜ. ಆದರೆ ನೀವು ನೋಡಿದ ಮೀನಿನ ಅಂಗಡಿಯವನು ಅಲ್ಲಿಗೆ ಹೋಗಿ ಸಾಲ ತಂದಿರುವ ಸಾಧ್ಯತೆ ತೀರಾ ಕಡಿಮೆ.

ಇನ್ನೊಂದು ವಿಷಯ. ಹೊರಗಿನಿಂದ ನೋಡಿದರೆ ಎಲ್ಲರೂ ಚೀನೀಯರೇ. ಒಳಗೆ ಹಾಗಿಲ್ಲ. ಮ್ಯಾನ್‌ಹಟನ್‌ನ ಹಳಬರು ದಕ್ಷಿಣದ ಗುವಾಂಗ್‌ಡಾಂಗ್ ಪ್ರಾಂತ್ಯದವರು, ಅದರಲ್ಲೂ ತೈಶಾನ್ ಅನ್ನೋ ಒಂದೇ ಜಿಲ್ಲೆಯವರು ಜಾಸ್ತಿ. 1980ರ ದಶಕದಿಂದ ಬಂದವರು ಫೂಜಿಯಾನ್ ಪ್ರಾಂತ್ಯದ ಫೂಝೌ ಸುತ್ತಲಿನ ಹಳ್ಳಿಯವರು. ಫ್ಲಶಿಂಗ್ ಕಟ್ಟಿದವರು ತೈವಾನಿನವರು, ಆಮೇಲೆ ಚೀನಾದ ಈಶಾನ್ಯ ಭಾಗದವರೂ ಬಂದು ಸೇರಿಕೊಂಡರು. ತೈಶಾನ್‌ನವನ ಮಾತು ಫೂಝೌನವನಿಗೆ ಅರ್ಥ ಆಗಲ್ಲ. ಬರವಣಿಗೆ ಒಂದೇ ಆದ್ದರಿಂದ ಬೋರ್ಡು ಒಂದೇ ಥರ ಕಾಣುತ್ತೆ, ಅಷ್ಟೇ.

ಈಗ ನಿಜವಾದ ಪ್ರಶ್ನೆಗೆ ಬರೋಣ. ವಲಸೆಗಾರರು ಯಾವ ಧಂದೆ ಹಿಡಿಯುತ್ತಾರೆ ಅನ್ನೋದನ್ನು ಜನ ಅವರ ಸಂಸ್ಕೃತಿಯಲ್ಲಿ ಹುಡುಕುತ್ತಾರೆ. ನಾನು ಮೊದಲು ಕಾನೂನಿನಲ್ಲಿ ಹುಡುಕುತ್ತೇನೆ. ಯಾವ ಬಾಗಿಲು ಹಾಕಿತ್ತು, ಯಾವ ಕಿಟಕಿ ಅರ್ಧ ತೆರೆದಿತ್ತು ಅಂತ ನೋಡಿದರೆ ಮುಕ್ಕಾಲು ಪಾಲು ಉತ್ತರ ಸಿಕ್ಕಿಬಿಡುತ್ತೆ.

ಬಟ್ಟೆ ಒಗೆಯುವ ಲಾಂಡ್ರಿಯನ್ನೇ ತಗೊಳ್ಳಿ. ಇಪ್ಪತ್ತನೇ ಶತಮಾನದ ಮೊದಲ ಅರ್ಧದಲ್ಲಿ ನ್ಯೂಯಾರ್ಕಿನಲ್ಲಿ ಚೀನೀಯ ಅಂದರೆ ಲಾಂಡ್ರಿಯವನು. ಅಂಥ ಲಾಂಡ್ರಿಗಳು ಸಾವಿರಾರು ಇದ್ದವು. ಚೀನಾದ ಹಳ್ಳಿಯ ಗಂಡಸರಿಗೆ ಬಟ್ಟೆ ಒಗೆಯುವ ಕಸುಬೇನೂ ಇರಲಿಲ್ಲ, ಊರಲ್ಲಿ ಅದು ಹೆಂಗಸರ ಕೆಲಸ. ಆದರೆ 1882ರ ಕಾನೂನು ಚೀನೀ ಕೂಲಿಗಳು ಅಮೆರಿಕಕ್ಕೆ ಬರೋದನ್ನೇ ನಿಷೇಧಿಸಿತು. ಆಗಲೇ ಬಂದಿದ್ದವರಿಗೆ ಪೌರತ್ವ ಇಲ್ಲ ಅಂತಲೂ ಹೇಳಿತು. ಕಾರ್ಖಾನೆಗಳಲ್ಲಿ ಬಿಳಿಯ ಕಾರ್ಮಿಕರು ಇವರನ್ನು ಒಳಗೆ ಬಿಡುತ್ತಿರಲಿಲ್ಲ. ಉಳಿದಿದ್ದು ಯಾರಿಗೂ ಬೇಡವಾದ ಕೆಲಸ. ಒಂದು ಸಣ್ಣ ಕೋಣೆ, ಒಲೆ, ಇಸ್ತ್ರಿ ಪೆಟ್ಟಿಗೆ, ಹಲಗೆ ಇದ್ದರೆ ಅಂಗಡಿ ಶುರು. ಇಂಗ್ಲಿಷಿನ ಹತ್ತು ಹದಿನೈದು ಮಾತು ಸಾಕು. ಮುಂದೆ ಕೌಂಟರ್, ಹಿಂದೆ ಮಲಗುವ ಜಾಗ. ಇಸ್ತ್ರಿ ಪೆಟ್ಟಿಗೆ ಎಂಟು ಪೌಂಡ್ ತೂಗುತ್ತಿತ್ತು, ಅದಕ್ಕೇ ಅವರೇ ತಮ್ಮ ಬದುಕನ್ನು ಎಂಟು ಪೌಂಡಿನ ಹೊಟ್ಟೆಪಾಡು ಅಂತಿದ್ದರು. ಹೆಂಡತಿ ಮಕ್ಕಳು ಸಮುದ್ರದ ಆಚೆ ಊರಲ್ಲಿ, ಕರೆಸಿಕೊಳ್ಳುವ ಹಾಗಿಲ್ಲ.

1933ರಲ್ಲಿ ನ್ಯೂಯಾರ್ಕ್ ನಗರಸಭೆ ಒಬ್ಬನೇ ನಡೆಸುವ ಸಣ್ಣ ಲಾಂಡ್ರಿಗೂ ವರ್ಷಕ್ಕೆ 25 ಡಾಲರ್ ಶುಲ್ಕ, 1,000 ಡಾಲರ್ ಜಾಮೀನು ಬಾಂಡ್ ಹಾಕಲು ಹೊರಟಿತು. ಯಂತ್ರ ಇಟ್ಟುಕೊಂಡ ದೊಡ್ಡ ಲಾಂಡ್ರಿಗಳಿಗೆ ಇದರಿಂದ ಲಾಭ, ಇವರಿಗೆ ಅಂಗಡಿ ಮುಚ್ಚುವ ಗತಿ. ನಿಮ್ಮ ಒಗ್ಗಟ್ಟಿನ ಮಾತಿಗೆ ಇಲ್ಲೊಂದು ಒಳ್ಳೇ ಉದಾಹರಣೆ ಇದೆ. ಲಾಂಡ್ರಿಯವರಿಂದ ವರ್ಷಾನುಗಟ್ಟಲೆ ಚಂದಾ ಎತ್ತುತ್ತಿದ್ದ ದೊಡ್ಡ ವರ್ತಕರ ಸಂಘ ಇವರ ಪರವಾಗಿ ಗಟ್ಟಿಯಾಗಿ ನಿಲ್ಲಲಿಲ್ಲ. ಬೇಸತ್ತ ಲಾಂಡ್ರಿಯವರು ಅದನ್ನು ಬಿಟ್ಟು ತಮ್ಮದೇ ಒಕ್ಕೂಟ ಕಟ್ಟಿಕೊಂಡರು. ನಗರಸಭೆಗೆ ತಾವೇ ಹೋಗಿ ವಾದ ಮಾಡಿ ಶುಲ್ಕವನ್ನು 10 ಡಾಲರ್‌ಗೆ, ಬಾಂಡನ್ನು 100 ಡಾಲರ್‌ಗೆ ಇಳಿಸಿದರು. ಒಗ್ಗಟ್ಟು ಇತ್ತು, ಆದರೆ ಅದು ಚೀನೀಯರೆಲ್ಲರ ಒಗ್ಗಟ್ಟಾಗಿರಲಿಲ್ಲ. ಬಡ ಚೀನೀಯರು ಶ್ರೀಮಂತ ಚೀನೀಯರನ್ನು ದಾಟಿ ಮಾಡಿಕೊಂಡ ಒಗ್ಗಟ್ಟು ಅದು.

ಹೋಟೆಲಿನ ಕಥೆ ಇನ್ನೂ ಮಜವಾಗಿದೆ. 1882ರ ಕಾನೂನು ಕೂಲಿಗಳನ್ನು ತಡೆಯಿತು, ವರ್ತಕರನ್ನಲ್ಲ. ವರ್ತಕ ಅಂತ ಸಾಬೀತಾದರೆ ಊರಿಗೆ ಹೋಗಿ ಬರಬಹುದು, ಹೆಂಡತಿ ಮಕ್ಕಳನ್ನೂ ಕರೆತರಬಹುದು. ಹೋಟೆಲ್ ನಡೆಸುವವನು ವರ್ತಕನೋ ಕೂಲಿಯೋ? 1915ರಲ್ಲಿ ಕೋರ್ಟು ವರ್ತಕ ಅಂತ ಹೇಳಿತು. ಅಷ್ಟೇ ಸಾಕಾಯ್ತು. ಮುಂದಿನ ವರ್ಷಗಳಲ್ಲಿ ನ್ಯೂಯಾರ್ಕಿನಲ್ಲಿ ಚೀನೀ ಹೋಟೆಲುಗಳು ಮಳೆಗಾಲದ ಅಣಬೆಯಂತೆ ಎದ್ದವು. ಅಮೆರಿಕನ್ನರಿಗೆ ಇದ್ದಕ್ಕಿದ್ದಂತೆ ನೂಡಲ್ಸ್ ಮೇಲೆ ಪ್ರೀತಿ ಹುಟ್ಟಿದ್ದಷ್ಟೇ ಕಾರಣ ಅಂದುಕೊಳ್ಳಬೇಡಿ.

ಷರತ್ತುಗಳು ಕಷ್ಟದವು. ಹೋಟೆಲ್ ಒಳ್ಳೇ ದರ್ಜೆಯದ್ದಾಗಿರಬೇಕು. ಅರ್ಜಿ ಹಾಕುವವನು ಅದರಲ್ಲಿ ದೊಡ್ಡ ಪಾಲು ಹಾಕಿರಬೇಕು. ಕನಿಷ್ಠ ಒಂದು ವರ್ಷ ಅವನೇ ಮ್ಯಾನೇಜರ್ ಆಗಿರಬೇಕು, ಆ ಅವಧಿಯಲ್ಲಿ ತಟ್ಟೆ ತೊಳೆಯೋದು, ಬಡಿಸೋದು ಇಂಥ ಕೂಲಿ ಕೆಲಸ ಮಾಡಿರಬಾರದು. ಚೀನೀಯರಲ್ಲದ ಇಬ್ಬರು ಸಾಕ್ಷಿ ಹೇಳಬೇಕು. ಒಬ್ಬನ ಕೈಲಿ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಅದಕ್ಕೇ ಒಂದೇ ಊರಿನ, ಒಂದೇ ಮನೆತನದ ಹತ್ತಾರು ಜನ ಪಾಲು ಹಾಕಿ ದೊಡ್ಡ ಹೋಟೆಲ್ ತೆಗೆದು, ಒಂದು ವರ್ಷವೋ ಒಂದೂವರೆ ವರ್ಷವೋ ಒಬ್ಬೊಬ್ಬರಾಗಿ ಮ್ಯಾನೇಜರ್ ಕುರ್ಚಿಯಲ್ಲಿ ಕೂತು, ವರ್ತಕ ಅನ್ನಿಸಿಕೊಂಡು, ಊರಿಗೆ ಹೋಗಿ ಮನೆಯವರನ್ನು ಕರೆತಂದು, ಆಮೇಲೆ ಕುರ್ಚಿಯನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟರು. ಪಾಲುದಾರಿಕೆ ಚೀನೀಯರ ರಕ್ತದಲ್ಲೇ ಇದೆ ಅಂತ ಹೇಳುವವರು ಈ ವೀಸಾ ನಿಯಮವನ್ನು ಓದಿರುವುದಿಲ್ಲ.

1943ರಲ್ಲಿ ನಿಷೇಧ ಹೋಯಿತು, ಆದರೆ ವರ್ಷಕ್ಕೆ 105 ಜನರಿಗೆ ಮಾತ್ರ ಪ್ರವೇಶ. 1965ರ ವಲಸೆ ಕಾನೂನು ಆ ಮಿತಿ ಸಡಿಲಿಸಿದ ಮೇಲೆ ಸಂಸಾರಗಳು ಬರತೊಡಗಿದವು. ಮ್ಯಾನ್‌ಹಟನ್‌ನ ಚೀನೀ ಕೇರಿ, ಚೈನಾಟೌನ್, ಬೆಳೆದದ್ದು ಆಗಲೇ.

ಬಂಡವಾಳದ ವಿಷಯ. ಮೊದಲನೆಯದು ಉಳಿತಾಯ. ಅದು ನಮಗೆ ನಂಬಲಾಗದಷ್ಟು ಇರುತ್ತೆ, ಯಾಕೆಂದರೆ ಹೋಟೆಲ್ ಕೆಲಸಗಾರನಿಗೆ ಊಟ ಹೋಟೆಲಿನಲ್ಲೇ, ಮಲಗೋದು ಆರೇಳು ಜನ ಹಂಚಿಕೊಂಡ ಕೋಣೆಯಲ್ಲಿ, ಖರ್ಚು ಮಾಡಲು ಪುರುಸೊತ್ತೇ ಇಲ್ಲ. ಎರಡನೆಯದು ನೆಂಟರ ಕೈಗಡ. ಮೂರನೆಯದನ್ನು ನಿಮಗೆ ವಿವರಿಸೋದೇ ಬೇಡ, ಅದು ನಮ್ಮ ಚೀಟಿ. ಅವರು ಹುಯಿ ಅಂತಾರೆ. ಇಪ್ಪತ್ತು ಜನ ಸೇರಿ ತಿಂಗಳಿಗೆ 500 ಡಾಲರ್ ಹಾಕಿದರು ಅಂತಿಟ್ಟುಕೊಳ್ಳಿ. ಮೊದಲ ತಿಂಗಳ 10,000 ಚೀಟಿ ನಡೆಸುವವನಿಗೆ, ಬಡ್ಡಿ ಇಲ್ಲದೆ. ಎರಡನೇ ತಿಂಗಳಿಂದ ಕೂಗು. ಯಾರಿಗೆ ತುರ್ತೋ ಅವರು ಜಾಸ್ತಿ ಬಿಟ್ಟುಕೊಟ್ಟು ಎತ್ತುತ್ತಾರೆ. ತುರ್ತಿಲ್ಲದವರು ಕೊನೆಯವರೆಗೂ ಕಾದು ಬಡ್ಡಿ ಸಮೇತ ಪಡೆಯುತ್ತಾರೆ. ಯಾರಾದರೂ ಕೈಕೊಟ್ಟರೆ ಚೀಟಿ ನಡೆಸುವವನೇ ತುಂಬಿಕೊಡಬೇಕು. ನಮ್ಮಲ್ಲಿ 1982ರ ಚಿಟ್ ಫಂಡ್ ಕಾಯ್ದೆ ಅಂತ ಒಂದಿದೆ, ರಿಜಿಸ್ಟ್ರಾರ್ ಇದ್ದಾನೆ. ಅಲ್ಲಿ ಬಾಯಿಮಾತು. ಓಡಿಹೋದವನ ಅಪ್ಪ ಅಮ್ಮ ಯಾವ ಹಳ್ಳಿಯಲ್ಲಿದ್ದಾರೆ ಅಂತ ಎಲ್ಲರಿಗೂ ಗೊತ್ತಿರುತ್ತೆ, ಅದೇ ಜಾಮೀನು. ಆದರೂ ಓಡಿಹೋಗುವವರು ಇದ್ದೇ ಇರುತ್ತಾರೆ, ಅದು ಬೇರೆ ಮಾತು.

ಈ ಥರದ ದುಡ್ಡಿಗೆ ಕಾಗದಪತ್ರ ಇರಲ್ಲ. ದೊಡ್ಡ ಬ್ಯಾಂಕುಗಳಿಗೆ ಅದು ಆಗಿಬರಲ್ಲ. ಚೈನಾಟೌನಿನಲ್ಲೇ 1984ರಲ್ಲಿ ಅಬಾಕಸ್ ಅನ್ನೋ ಸಣ್ಣ ಬ್ಯಾಂಕ್ ಹುಟ್ಟಿದ್ದು ಅಲ್ಲಿನ ಜನಕ್ಕೆ ಸಾಲ ಕೊಡೋದಕ್ಕೇ. ನಗದಿನಲ್ಲಿ ಸಂಬಳ ಪಡೆಯುವವರು, ಮಾವ ಕೊಟ್ಟ ದುಡ್ಡಿನಿಂದ ಮುಂಗಡ ಕಟ್ಟುವವರು ಅದರ ಗಿರಾಕಿಗಳು. ಗೃಹಸಾಲದ ಕಾಗದಗಳಲ್ಲಿ ಸಿಬ್ಬಂದಿಯೊಬ್ಬ ಮೋಸ ಮಾಡಿದ್ದನ್ನು ಬ್ಯಾಂಕೇ ಕಂಡುಹಿಡಿದು ತಿಳಿಸಿತು. ಆಮೇಲೆ 2012ರಲ್ಲಿ ಮ್ಯಾನ್‌ಹಟನ್ ಜಿಲ್ಲಾ ಪ್ರಾಸಿಕ್ಯೂಟರ್ ಬ್ಯಾಂಕಿನ ಮೇಲೆಯೇ ಕ್ರಿಮಿನಲ್ ಕೇಸು ಹಾಕಿದರು. 2008ರ ಸಾಲದ ಕುಸಿತಕ್ಕೆ ನಿಜವಾಗಿ ಕಾರಣವಾದ ವಾಲ್ ಸ್ಟ್ರೀಟಿನ ದೈತ್ಯ ಬ್ಯಾಂಕುಗಳು ಅಲ್ಲಿಂದ ಕೂಗಳತೆಯಲ್ಲಿವೆ, ಅವು ಯಾವುದೂ ಹೀಗೆ ಕಟಕಟೆ ಹತ್ತಲಿಲ್ಲ. 2015ರಲ್ಲಿ ಅಬಾಕಸ್ ಎಲ್ಲ ಆರೋಪಗಳಿಂದ ಬಿಡುಗಡೆಯಾಯಿತು. ಅಷ್ಟು ವರ್ಷಗಳ ಒದ್ದಾಟ ಮಾತ್ರ ಯಾರೂ ವಾಪಸ್ ಕೊಡಲಿಲ್ಲ.

ಇನ್ನು ಕೂಲಿ. ದುಡ್ಡಿಗಿಂತ ಇದೇ ದೊಡ್ಡ ಬಂಡವಾಳ ಅಂತ ನನ್ನ ಅಭಿಪ್ರಾಯ. ಮ್ಯಾನ್‌ಹಟನ್ ಸೇತುವೆಯ ಕೆಳಗೆ, ಈಸ್ಟ್ ಬ್ರಾಡ್‌ವೇ ಮತ್ತು ಎಲ್‌ಡ್ರಿಡ್ಜ್ ಸ್ಟ್ರೀಟ್ ಸುತ್ತಮುತ್ತ ಕೆಲಸ ಕೊಡಿಸುವ ಸಣ್ಣ ಸಣ್ಣ ಏಜೆನ್ಸಿಗಳಿವೆ. ಒಂದು ಕೋಣೆ, ಒಂದು ಕೌಂಟರ್, ಅದರ ಮುಂದೆ ಗುಂಪುಗಟ್ಟಿದ ಗಂಡಸರು. ಗೋಡೆ ತುಂಬ ಚೀಟಿ ಅಂಟಿಸಿರುತ್ತಾರೆ. ಒಂದೊಂದು ಚೀಟಿಯಲ್ಲೂ ಕೆಲಸ ಏನು ಅಂತ ಇರುತ್ತೆ, ಬಾಣಲೆ ಮುಂದೆ ನಿಲ್ಲುವವನೋ, ಎಣ್ಣೆಯಲ್ಲಿ ಕರಿಯುವವನೋ, ತರಕಾರಿ ಹೆಚ್ಚುವವನೋ ಅಂತ. ತಿಂಗಳ ಸಂಬಳ ಇರುತ್ತೆ. ಊರಿನ ಹೆಸರು ಮಾತ್ರ ಇರೋದಿಲ್ಲ! ಅದರ ಬದಲು ಆ ಊರಿನ ಫೋನ್ ನಂಬರಿನ ಮೊದಲ ಮೂರು ಅಂಕಿ. ಇಂಗ್ಲಿಷ್ ಓದಲು ಬಾರದವನಿಗೆ ಊರಿನ ಹೆಸರಿಂದ ಏನು ಪ್ರಯೋಜನ? ಬಸ್ಸಿನಲ್ಲಿ ಎಷ್ಟು ಗಂಟೆ ಅಂತ ಗೊತ್ತಾದರೆ ಸಾಕು. ಸಂಜೆಯ ಬಸ್ಸಿಗೆ ಬ್ಯಾಗ್ ಹಿಡಿದು ಹೊರಡುತ್ತಾನೆ. ಆ ಬಸ್ಸುಗಳೂ ಚೀನೀಯರದ್ದೇ. 1990ರ ದಶಕದ ಕೊನೆಯಲ್ಲಿ ಹೋಟೆಲ್ ಕೆಲಸಗಾರರನ್ನು ಬೋಸ್ಟನ್ನಿಗೆ ಸಾಗಿಸಲು ಶುರುವಾದ ಈ ಬಸ್ಸುಗಳ ಅಗ್ಗದ ಟಿಕೆಟ್ಟಿಗೆ ಆಮೇಲೆ ಕಾಲೇಜು ಹುಡುಗರೂ ಮುಗಿಬಿದ್ದರು. ನೋಡಿ, ಒಂದು ಧಂದೆ ಇನ್ನೊಂದನ್ನು ಹೆರುತ್ತಾ ಹೋಗುತ್ತೆ. ಹೋಟೆಲಿಗೆ ಕೆಲಸಗಾರ ಬೇಕು, ಅದಕ್ಕೆ ಏಜೆನ್ಸಿ. ಕೆಲಸಗಾರ ಓಡಾಡಬೇಕು, ಅದಕ್ಕೆ ಬಸ್ಸು. ಊರಿಗೆ ದುಡ್ಡು ಕಳಿಸಬೇಕು, ಅದಕ್ಕೆ ಹಣ ರವಾನೆಯ ಅಂಗಡಿ. ಹೊರಗಿನ ಗಿರಾಕಿ ಒಬ್ಬನೂ ಬಾರದಿದ್ದರೂ ಅರ್ಧ ಬೀದಿ ನಡೆಯುತ್ತೆ.

ಆ ಕೆಲಸಗಾರ ಯಾಕೆ ಅಷ್ಟು ಕಡಿಮೆ ಸಂಬಳಕ್ಕೆ ಅಷ್ಟು ದೂರ ಹೋಗುತ್ತಾನೆ? ಸಾಲ. ಫೂಝೌ ಕಡೆಯಿಂದ ಕಳ್ಳದಾರಿಯಲ್ಲಿ ಬರಲು 1990ರ ದಶಕದಲ್ಲಿ ಸುಮಾರು 30,000 ಡಾಲರ್ ಆಗುತ್ತಿತ್ತು. 1993ರ ಜೂನ್ 6ರಂದು ಗೋಲ್ಡನ್ ವೆಂಚರ್ ಅನ್ನೋ ಹಡಗು ಕ್ವೀನ್ಸ್‌ನ ರಾಕವೇ ತೀರದಲ್ಲಿ ಮರಳಿಗೆ ಸಿಕ್ಕಿಕೊಂಡಿತು. ಒಳಗೆ 286 ಜನ. ದಡ ಸೇರಲು ನೀರಿಗೆ ಹಾರಿದವರಲ್ಲಿ ಹತ್ತು ಜನ ಸತ್ತರು. ಬದುಕಿ ಬಂದವನಿಗೂ ಆ ಸಾಲ ತೀರಿಸಲು ವರ್ಷಗಳು ಬೇಕು. ಪೇಪರ್ ಇಲ್ಲ, ಭಾಷೆ ಇಲ್ಲ, ತಲೆ ಮೇಲೆ ಸಾಲ. ಅವನಿಗೆ ಕೆಲಸ ಕೊಡುವವನು ಅವನ ಊರಿನವನೇ. ಅವನನ್ನು ಹಿಂಡುವವನೂ ಅವನೇ. ಟಿಪ್ಸ್ ಹಿಡಿದುಕೊಳ್ಳೋದು, ಓವರ್‌ಟೈಮ್ ಕೊಡದಿರೋದು ಚೈನಾಟೌನಿನಲ್ಲಿ ದಶಕಗಳಿಂದ ಕೋರ್ಟು ಕಚೇರಿ ಹತ್ತುತ್ತಿರುವ ಜಗಳಗಳು.

ಗಾರ್ಮೆಂಟ್ ಕೆಲಸದ ಹೆಂಗಸರನ್ನು ಹೇಳದೆ ಮುಂದೆ ಹೋಗಲಾರೆ. 1980ರ ಹೊತ್ತಿಗೆ ಚೈನಾಟೌನಿನ ಹಳೇ ಗೋದಾಮುಗಳಲ್ಲಿ ಸುಮಾರು 20,000 ಚೀನೀ ಹೆಂಗಸರು ಬಟ್ಟೆ ಹೊಲಿಯುತ್ತಿದ್ದರು. ಕೂಲಿ ಪೀಸ್ ಲೆಕ್ಕದಲ್ಲಿ. ಆದರೂ ಅವರು ಅದನ್ನು ಬಿಡುತ್ತಿರಲಿಲ್ಲ, ಯಾಕೆಂದರೆ ಆ ಕೆಲಸಕ್ಕೆ ಯೂನಿಯನ್ ಇತ್ತು, ಯೂನಿಯನ್ ಜತೆಗೆ ಇಡೀ ಸಂಸಾರಕ್ಕೆ ಆರೋಗ್ಯ ವಿಮೆ. ಗಂಡನ ಹೋಟೆಲ್ ಕೆಲಸದಲ್ಲಿ ಅದಿರಲಿಲ್ಲ. 1982ರಲ್ಲಿ ಚೀನೀ ಮಾಲೀಕರು ಯೂನಿಯನ್ ಒಪ್ಪಂದಕ್ಕೆ ಸಹಿ ಹಾಕಲ್ಲ ಅಂದರು. ನಾವೆಲ್ಲ ಒಂದೇ ಜನ, ಹೆಂಗಸರು ನಮ್ಮ ಮಾತು ಮೀರಲ್ಲ ಅನ್ನೋದು ಅವರ ಲೆಕ್ಕ. ಹೆಂಗಸರು ಮಿಷಿನ್ ಬಿಟ್ಟು ಎದ್ದರು. ಕೊಲಂಬಸ್ ಪಾರ್ಕಿನಲ್ಲಿ ಸಾವಿರ ಸಾವಿರ ಜನ ಸೇರಿದರು. ಮಾಲೀಕರು ಸಹಿ ಹಾಕಿದರು. ಈಗ ಆ ಕಾರ್ಖಾನೆಗಳಿಲ್ಲ. ಆಮದು ಬಟ್ಟೆ, ಏರಿದ ಬಾಡಿಗೆ, ಮೇಲಿಂದ 2001ರ ಸೆಪ್ಟೆಂಬರ್ 11ರ ನಂತರ ರಸ್ತೆ ಬಂದ್ ಆಗಿ ಲಾರಿಗಳೇ ಬಾರದೆ ಹೋದದ್ದು, ಎಲ್ಲ ಸೇರಿ ಮುಗಿಸಿದವು.

ವಿದ್ವಾಂಸರಲ್ಲೂ ಇದರ ಬಗ್ಗೆ ಜಗಳ ಇದೆ. ಮಿನ್ ಝೋ ಅನ್ನೋ ಸಮಾಜಶಾಸ್ತ್ರಜ್ಞೆ ಇಂಥ ಬೀದಿಗಳು ಹೊಸಬರಿಗೆ ಮೇಲೇರುವ ದಾರಿ ಅಂತಾರೆ. ಪೀಟರ್ ಕ್ವಾಂಗ್, ಇದು ಮೇಲಿನ ಚೀನೀಯ ಕೆಳಗಿನ ಚೀನೀಯನನ್ನು ಒಳಗೇ ಕೂಡಿಹಾಕುವ ಬೋನು ಅಂತ ಕಡೇತನಕ ವಾದಿಸಿದರು. ನನ್ನನ್ನು ಕೇಳಿದರೆ, ಮೊದಲ ಐದಾರು ವರ್ಷ ಝೋ ಹೇಳೋದು ಸರಿ, ಆಮೇಲೂ ಅಲ್ಲೇ ಉಳಿದವನಿಗೆ ಕ್ವಾಂಗ್ ಹೇಳೋದು ಸರಿ.

ನೀವು ನೋಡಿದ ಫ್ಲಶಿಂಗ್ ಬೇರೆಯದೇ ಕಥೆ. ಅದನ್ನು ಕಟ್ಟಿದವರು ಬಡವರಲ್ಲ. 1970ರ ದಶಕದಲ್ಲಿ ನ್ಯೂಯಾರ್ಕ್ ನಗರ ದಿವಾಳಿ ಅಂಚಿನಲ್ಲಿತ್ತು. ಫ್ಲಶಿಂಗ್‌ನಲ್ಲಿ ಅಂಗಡಿಗಳು ಖಾಲಿ ಬಿದ್ದಿದ್ದವು, ಬೆಲೆ ಇಳಿದಿತ್ತು. ತೈವಾನಿನಿಂದ ಓದಿದವರು, ಸ್ವಲ್ಪ ದುಡ್ಡಿದ್ದವರು ಬಂದರು. ಅವರಿಗೆ ಕ್ಯಾಂಟನೀಸ್ (ಗುವಾಂಗ್‌ಡಾಂಗ್ ಕಡೆಯ ಭಾಷೆ) ಮಾತಾಡುವ ಮ್ಯಾನ್‌ಹಟನ್ ಚೈನಾಟೌನ್ ಪರಕೀಯ. 7 ನಂಬರ್ ರೈಲಿನ ಕೊನೇ ನಿಲ್ದಾಣದ ಸುತ್ತ ಜಾಗ ಕೊಂಡರು. ನಮ್ಮವರ ಗಣಪತಿ ದೇವಸ್ಥಾನ ಅಲ್ಲಿ 1977ರಲ್ಲಿ ಆದದ್ದೂ ಆ ಕಾಲದಲ್ಲೇ, ಅಗ್ಗದ ಜಾಗ ಎಲ್ಲರನ್ನೂ ಕರೆಯಿತು. 1982ರಿಂದ ತೈವಾನಿಗೇ ಪ್ರತ್ಯೇಕವಾಗಿ ವರ್ಷಕ್ಕೆ 20,000 ವೀಸಾ ಸಿಗತೊಡಗಿತು. ಆಮೇಲೆ ಚೀನಾ ಶ್ರೀಮಂತವಾದಾಗ ಬೇರೆ ಥರದ ದುಡ್ಡು ಬಂತು. ಅಮೆರಿಕದಲ್ಲಿ ಬಂಡವಾಳ ಹೂಡಿ ಹತ್ತು ಜನಕ್ಕೆ ಕೆಲಸ ಸೃಷ್ಟಿಸಿದರೆ ಗ್ರೀನ್ ಕಾರ್ಡ್ ಕೊಡುವ ಇಬಿ-5 ವೀಸಾ ಇದೆಯಲ್ಲ, ಬಹುಕಾಲ ಅದರ ಕನಿಷ್ಠ ಮೊತ್ತ 5 ಲಕ್ಷ ಡಾಲರ್ ಇತ್ತು, ಈಗ 8 ಲಕ್ಷ. ಅದನ್ನು ಪಡೆದವರಲ್ಲಿ ವರ್ಷಗಳ ಕಾಲ ಚೀನಾದವರೇ ಜಾಸ್ತಿ. ಆ ದುಡ್ಡು ಹೋಟೆಲ್, ಅಪಾರ್ಟ್‌ಮೆಂಟ್‌ಗಳಿಗೆ ಹರಿಯಿತು. ಗಾಜಿನ ಕಟ್ಟಡ ಎದ್ದಷ್ಟೂ ಸಣ್ಣ ಅಂಗಡಿಯ ಬಾಡಿಗೆ ಏರಿತು. ಇವತ್ತು ಸಣ್ಣ ಚೀನೀ ಅಂಗಡಿಯವನನ್ನು ಎಬ್ಬಿಸುತ್ತಿರುವವನು ಎಷ್ಟೋ ಸಲ ಇನ್ನೊಬ್ಬ ಚೀನೀಯನೇ. ಮ್ಯಾನ್‌ಹಟನ್ನಿನಲ್ಲೂ ಹಾಗೇ ಆಯಿತು. 800 ಜನ ಕೂರುವ ಜಿಂಗ್ ಫಾಂಗ್ ಹೋಟೆಲಿನ ದೊಡ್ಡ ಹಾಲ್ 2021ರ ಮಾರ್ಚಿನಲ್ಲಿ ಮುಚ್ಚಿದಾಗ, ಯೂನಿಯನ್ ಇದ್ದ ಆ ಹೋಟೆಲಿನ ಕೆಲಸಗಾರರು ಬೀದಿಗಿಳಿದದ್ದು ಕಟ್ಟಡದ ಮಾಲೀಕರ ವಿರುದ್ಧ. ಆ ಮಾಲೀಕರೂ ಚೀನೀ ಮೂಲದವರು.

ಇಷ್ಟರ ನಡುವೆಯೂ ಫ್ಲಶಿಂಗ್‌ನಲ್ಲಿ ಕಡಿಮೆ ದುಡ್ಡಿನವನಿಗೆ ಒಂದು ದಾರಿ ಉಳಿದಿತ್ತು, ನೆಲಮಾಳಿಗೆಯ ಫುಡ್ ಕೋರ್ಟ್. ಈಗ ನಗರದ ತುಂಬ ಶಾಖೆಗಳಿರುವ ಶಿಯಾನ್ ಫೇಮಸ್ ಫುಡ್ಸ್ ಶುರುವಾದದ್ದು ಮೇನ್ ಸ್ಟ್ರೀಟಿನ ಗೋಲ್ಡನ್ ಶಾಪಿಂಗ್ ಮಾಲಿನ ಅಂಥ ಒಂದು ಸ್ಟಾಲಿನಲ್ಲಿ. ಕೈಯಲ್ಲಿ ಎಳೆದ ಅಗಲ ನೂಡಲ್ಸ್, ಜೀರಿಗೆ ಹಾಕಿದ ಕುರಿ ಮಾಂಸ. ಮೊದಲ ಗಿರಾಕಿಗಳು ತಮ್ಮ ಊರಿನ ರುಚಿ ಹುಡುಕಿಕೊಂಡು ಬಂದ ಚೀನೀಯರೇ, ಉಳಿದ ನ್ಯೂಯಾರ್ಕ್ ಆಮೇಲೆ ಬಂತು. ಆದರೆ ಹೆಚ್ಚಿನ ಹೋಟೆಲುಗಳಿಗೆ ವಾರಸುದಾರರಿಲ್ಲ. ಅಪ್ಪ ಬಾಣಲೆ ಮುಂದೆ ನಿಂತದ್ದು ಮಗ ನಿಲ್ಲಬಾರದು ಅಂತಲೇ. ನೀವು ನೋಡಿದ ಟ್ಯೂಷನ್ ಬೋರ್ಡುಗಳ ಗುಟ್ಟು ಅದು. ನಗರದ ಒಳ್ಳೇ ಸರ್ಕಾರಿ ಹೈಸ್ಕೂಲುಗಳಿಗೆ ಪ್ರವೇಶ ಪರೀಕ್ಷೆ ಇದೆ, ಅದಕ್ಕೆ ತಯಾರಿ ಮಾಡಿಸೋದೇ ಈಗ ದೊಡ್ಡ ಧಂದೆ.

ನಮ್ಮವರಲ್ಲಿ ಒಗ್ಗಟ್ಟಿಲ್ಲ ಅಂದಿರಲ್ಲ, ಮುಂಬೈಯ ಉಡುಪಿ ಹೋಟೆಲುಗಳನ್ನು ಮರೆತಿರಾ? ಕರಾವಳಿಯ ಹಳ್ಳಿಯ ಹುಡುಗ ಪರಿಚಯದವರ ಹೋಟೆಲಿಗೆ ಕ್ಲೀನರ್ ಆಗಿ ಸೇರಿ, ಅಲ್ಲೇ ಉಂಡು ಅಲ್ಲೇ ಮಲಗಿ, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಕೊನೆಗೆ ತಾನೇ ಗಲ್ಲಾದಲ್ಲಿ ಕೂತ ಕಥೆ ಒಂದೆರಡಲ್ಲ. ಊರಿನವನನ್ನು ಊರಿನವನೇ ದುಡಿಸಿಕೊಂಡ ಕಥೆಗಳೂ ಅಲ್ಲಿ ಬೇಕಾದಷ್ಟಿವೆ. ಅಮೆರಿಕಕ್ಕೆ ಹೋದ ಕನ್ನಡಿಗರು ಅಂಗಡಿ ಇಡದಿರೋದಕ್ಕೆ ಒಗ್ಗಟ್ಟು ಕಾರಣವಲ್ಲ. ಅವರು ಡಿಗ್ರಿ ಹಿಡಿದು, ಕೆಲಸದ ವೀಸಾದಲ್ಲಿ ಹೋದವರು. ಅವರಿಗೆ ಅಂಗಡಿಯ ಅಗತ್ಯವೇ ಬೀಳಲಿಲ್ಲ. ಆ ವೀಸಾ ಅದಕ್ಕೆ ಬಿಡೋದೂ ಇಲ್ಲ.

ಹಾಗಾಗಿ ನಿಮ್ಮ ಅಳಿಯಂದಿರ ವಿಷಯ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಎಚ್-1ಬಿ ಇದ್ದವರು ಸ್ಟಾಲಿಗೆ ದುಡ್ಡು ಹಾಕಬಹುದು, ಅಲ್ಲಿ ಕೆಲಸ ಮಾಡುವಂತಿಲ್ಲ. ಸಂಬಳ ತಗೊಳ್ಳಲ್ಲ, ಶನಿವಾರ ಸುಮ್ನೆ ನಿಂತು ದೋಸೆ ಹುಯ್ಯುತ್ತೇನೆ ಅಂದರೂ ತೊಂದರೆಗೆ ಸಿಕ್ಕಬಹುದು, ಗ್ರೀನ್ ಕಾರ್ಡ್ ಅರ್ಜಿಗೂ ಅದು ಅಡ್ಡ ಬರಬಹುದು. ಮಗಳು ಎಚ್-4 ವೀಸಾದಲ್ಲಿದ್ದು (ಎಚ್-1ಬಿಯವರ ಹೆಂಡತಿಗೆ ಅಥವಾ ಗಂಡನಿಗೆ ಸಿಗುವ ವೀಸಾ), ಜತೆಗೆ ಕೆಲಸದ ಪರವಾನಗಿ ಕಾರ್ಡ್ ಇದ್ದರೆ ಅವಳ ಹೆಸರಲ್ಲಿ ತೆಗೆದು ಅವಳೇ ನಡೆಸಬಹುದು. ಆ ಕಾರ್ಡಿನ ಅವಧಿ ನೋಡಿಕೊಂಡೇ ಬಾಡಿಗೆ ಕರಾರು ಮಾಡಿಕೊಳ್ಳಲಿ. ನ್ಯೂಯಾರ್ಕಿನ ಕರಾರುಗಳಲ್ಲಿ ವೈಯಕ್ತಿಕ ಜಾಮೀನು ಕೇಳೋದು ಮಾಮೂಲು, ಅಂಗಡಿ ಮುಚ್ಚಿದರೂ ಬಾಡಿಗೆ ಬೆನ್ನು ಬಿಡಲ್ಲ. ಆ ಪುಟವನ್ನು ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ ಅನ್ನಿ. ಇನ್ನೊಂದು ಮಾತು, ದೇವಸ್ಥಾನದ ಕ್ಯಾಂಟೀನಿನಲ್ಲಿ ಆಗಲೇ ದೋಸೆ ಸಿಗುತ್ತೆ, ರುಚಿಯಾಗಿಯೂ ಇರುತ್ತೆ. ಅದರ ಪಕ್ಕದಲ್ಲಿ ಇಡೋದಕ್ಕಿಂತ ಚೀನೀ ಫುಡ್ ಕೋರ್ಟಿನೊಳಗೇ ಒಂದು ಸ್ಟಾಲ್ ಸಿಗುತ್ತಾ ಅಂತ ವಿಚಾರಿಸೋದು ಒಳ್ಳೇದು.